ಸಂತೆಯ ಒಲೆಯ ಮೇಲೆ ಸುಣ್ಣದ ರೊಟ್ಟಿ

ಸಂತೆಯಲ್ಲಿ ಯಾರಾದರೂ ತಿಂಡಿಗೆ ಬಂದರೆ ನಾನು ಮೊದಲು ಅವರ ಮುಖ ನೋಡುತ್ತಿರಲಿಲ್ಲ, ತಿಂದು ಇಟ್ಟ ತಟ್ಟೆ ನೋಡುತ್ತಿದ್ದೆ. ಬಾಯಿ 'ಚೆನ್ನಾಗಿತ್ತು' ಎಂದು ಸುಳ್ಳು ಹೇಳಬಹುದು, ತಟ್ಟೆ ಹೇಳುವುದಿಲ್ಲ. ಹೊಸದಾಗಿ ತಿಂಡಿ ಅಂಗಡಿ ಇಡುವವರಿಗೆ ನಾನು ಇವತ್ತಿಗೂ ಹೇಳುವ ಮೊದಲ ಮಾತು ಇದೇ: ಗಲ್ಲಾಪೆಟ್ಟಿಗೆಯ ಹತ್ತಿರ ಕೂರಬೇಡಿ, ಎಂಜಲು ತಟ್ಟೆ ಇಡುವ ಕಡೆ ನಿಂತುಕೊಳ್ಳಿ.

ಆ ಹುಡುಗಿಯ ತಟ್ಟೆಯಲ್ಲಿ ಎಲ್ಲವೂ ಹಾಗೇ ಉಳಿದಿತ್ತು. ಎರಡು ಇಡ್ಲಿ, ಪಕ್ಕದಲ್ಲಿ ಸಕ್ಕರೆ. ಒಂದರ ಅಂಚು ಮಾತ್ರ ಇಲಿ ಕಚ್ಚಿದಂತೆ ಇತ್ತು.

ತೊಂಬತ್ತರ ದಶಕದ ನಡುವಿನ ಮಾತು. ಶಿಡ್ಲಘಟ್ಟದ ಸಂತೆಯಲ್ಲಿ, ರೈತರು ಗೋಣಿಚೀಲ ಹಾಸಿಕೊಂಡು ತಮ್ಮ ತರಕಾರಿ ತಾವೇ ಮಾರುವ ಸಾಲಿನ ಕೊನೆಗೆ, ಹುಣಸೆಮರದ ಕೆಳಗೆ ನನ್ನ ಅಂಗಡಿ. ಅಂಗಡಿ ಎಂದರೆ ನಾಲ್ಕು ಗಳ, ಮೇಲೊಂದು ಟಾರ್ಪಾಲು, ಒಲೆ, ಬೆಂಚು. ನಾನು ಹುಟ್ಟಿದ್ದು ಕಳವಾರದ ಹತ್ತಿರ. ಲಂಗ ಹಾಕುವ ವಯಸ್ಸಿಗೇ ಕೊತ್ತಂಬರಿ ಕಟ್ಟು ತಲೆಯ ಮೇಲೆ ಹೊತ್ತು ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ನಡೆದವಳು. ಎಂಬತ್ತರ ದಶಕದಲ್ಲಿ ಆ ಮಾರ್ಕೆಟ್ಟೇ ನನಗೆ ಸ್ಕೂಲು. ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಿಕೋ, ಅಂಗಡಿ ಬಿಟ್ಟು ಹೊರಟರೆ ತಿರುಗಿ ನೋಡಬೇಡ, ಮೊದಲು ತಿರುಗಿದವರು ಸೋತರು. ಅಲ್ಲಿ ಕಲಿತಿದ್ದು ಇಷ್ಟೇ. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಮೇಲೆ ಟಾರ್ಪಾಲು, ಒಲೆ, ಬೆಂಚು ಎಲ್ಲವನ್ನೂ ಆ ಒಂದು ವಿದ್ಯೆಯೇ ತಂದುಕೊಟ್ಟಿತು.

ಹುಡುಗಿಯನ್ನು ಕರೆದುಕೊಂಡು ಬಂದವರು ನಮ್ಮ ಹಿಂದಿನ ಬೀದಿಯ ಆಪಾ. ನಮ್ಮ ಕಡೆಯ ಮುಸಲ್ಮಾನರ ಮನೆಗಳಲ್ಲಿ ಅಕ್ಕನಿಗೆ ಆಪಾ ಅನ್ನುತ್ತಾರೆ. ಬೀದಿಗೆಲ್ಲ ಅವರು ಆಪಾನೇ. ಅವರ ಮನೆಯ ಹಿಂದೆ ಚರಕದ ಶೆಡ್ಡು. ಬಿಸಿನೀರಿನ ಬಾನಿಯಲ್ಲಿ ರೇಷ್ಮೆಗೂಡು ಹಾಕಿ, ಎಳೆಯ ತುದಿ ಹುಡುಕಿ, ನೂಲು ಬಿಚ್ಚುವ ಜಾಗ.

"ಇವಳು ಮೆಕ್ಸಿಕೊ ಅನ್ನೋ ದೇಶದವಳು ಕಣೇ," ಅಂದರು ಆಪಾ. "ನೂಲು ಬಿಚ್ಚೋದು ಕಲಿಯೋಕೆ ಬಂದವ್ಳೆ. ನಾಲ್ಕು ತಿಂಗಳು ನಮ್ಮನೇಲೇ ಇರ್ಬೇಕು. ಒಂದು ತಿಂಗಳಿಗೇ ನೋಡು ಹೆಂಗಾಗವ್ಳೆ. ನಿನ್ನ ಕೈರುಚಿಗಾದ್ರೂ ತಿಂತಾಳೇನೋ ಅಂತ ಕರ್ಕೊಂಡ್ ಬಂದೆ."

ನೋಡಿದೆ. ಬಣ್ಣ ನಮ್ಮದೇ. ಉದ್ದ ಜಡೆ. ಆಪಾನ ಮಗಳ ಚೂಡಿದಾರ ತೊಟ್ಟಿದ್ದಳು, ಅದು ಗೂಟಕ್ಕೆ ನೇತುಹಾಕಿದ ಹಾಗಿತ್ತು. ಬೆರಳ ತುದಿಯೆಲ್ಲ ಬಿಸಿನೀರಿಗೆ ಬೆಂದು ಬಿಳಿಚಿಕೊಂಡಿತ್ತು. ನನ್ನನ್ನು ನೋಡಿ ನಕ್ಕಳು. ನಗು ಮಾತ್ರ ದಷ್ಟಪುಷ್ಟವಾಗಿತ್ತು.

ಆಪಾನ ಮಗಳು ಪಿಯುಸಿ ಓದುತ್ತಿದ್ದಳು, ಇಂಗ್ಲಿಷಿನಲ್ಲಿ ಆ ಹುಡುಗಿಯೊಡನೆ ಅಷ್ಟಿಷ್ಟು ಮಾತಾಡುತ್ತಿದ್ದಳು. ಅವಳ ಬಾಯಲ್ಲಿ ಕೇಳಿದೆ. ಹುಡುಗಿಯ ಊರು ಬೆಟ್ಟದ ಮೇಲಿದೆಯಂತೆ. ಅಲ್ಲೂ ಹೆಂಗಸರು ಮನೆಯಲ್ಲಿ ರೇಷ್ಮೆಹುಳ ಸಾಕುತ್ತಾರೆ. ಆದರೆ ಗೂಡನ್ನು ಬೇಯಿಸಿ, ಹಿಂಜಿ, ಹತ್ತಿಯ ಹಾಗೆ ಕದಿರಿನಲ್ಲಿ ನೂಲುತ್ತಾರೆ. ನೂಲು ದಪ್ಪ, ಗಂಟುಗಂಟು. ಒಂದೇ ಎಳೆಯಾಗಿ ಬಿಚ್ಚುವುದು ಯಾರಿಗೂ ಬಾರದು. ಊರಿನ ಹೆಂಗಸರೆಲ್ಲ ಸೇರಿ, ಒಬ್ಬಳಾದರೂ ಕಲಿತು ಬರಲಿ ಎಂದು ಇವಳನ್ನು ಕಳಿಸಿದ್ದರು. ಆ ಹೆಂಗಸರಲ್ಲಿ ಇವಳ ತಾಯಿಯೇ ಹಿರಿಯಳು.

"ಡಾಕ್ಟ್ರು ಏನಂದ್ರು?" ಎಂದು ಕೇಳಿದೆ.

"ರೋಗ ಏನೂ ಇಲ್ಲ, ಹೊಟ್ಟೆಗೆ ಊಟ ಹೋಗ್ತಿಲ್ಲ, ಹಿಂಗೇ ಆದ್ರೆ ಊರಿಗೆ ಕಳಿಸಿ ಅಂದ್ರು. ನಮ್ಮ ಯಜಮಾನ್ರೂ ಅದನ್ನೇ ಹೇಳ್ತಾವ್ರೆ. ಇನ್ನೊಬ್ಬರ ಮನೆ ಹೆಣ್ಮಗು, ನಮ್ಮ ಮನೇಲಿ ಏನಾದ್ರೂ ಆದ್ರೆ ಆ ತಾಯಿಗೆ ಏನ್ ಉತ್ತರ ಕೊಡೋದು? ಈ ತಿಂಗಳು ನೋಡೋದು, ಮೈ ಹಿಡೀಲಿಲ್ಲ ಅಂದ್ರೆ ಕಳಿಸೋದೇ." ಆಪಾ ದನಿ ತಗ್ಗಿಸಿದರು. "ಇನ್ನೂ ಎಳೆ ಸಿಕ್ಕಿಲ್ಲ ಅವಳ ಕೈಗೆ. ಹಿಡೀತಾಳೆ, ಕಡ್ದೋಗ್ತದೆ. ಬರಿಗೈಯಲ್ಲಿ ಹೋಗ್ಬೇಕಲ್ಲ ಪಾಪ."

"ಖಾರ ಗೀರ ಹಾಕ್ತಿದ್ದೀರೇನು?"

"ತೋಬಾ. ಒಂದು ಚೂರೂ ಇಲ್ಲ. ಅವಳಿಗೆ ಅಂತಾನೇ ಬೇರೆ ಪಾತ್ರೆ ಇಟ್ಟಿದೀನಿ. ಹಾಲು ಅನ್ನ, ಬ್ರೆಡ್ಡು, ಬೇಯ್ಸಿದ ಆಲೂಗಡ್ಡೆ. ಮೆಣಸಿನಕಾಯಿ ಹೆಚ್ಚಿದ ಚಾಕೂನೂ ತೊಳ್ದು ಆಮೇಲೆ ಅವಳದ್ದು ಹೆಚ್ಚೋದು."

ಸರಿ ಎಂದೇ ನನಗೂ ಅನ್ನಿಸಿತು. ವಿಮಾನದಲ್ಲಿ ಬಂದವರಿಗೆ ಖಾರ ಆಗದು ಎನ್ನುವುದು ನಮ್ಮ ಕಡೆ ಕಾನೂನು. ಅದಕ್ಕೆ ಸಾಕ್ಷಿಯೂ ಇತ್ತು. ನಾನು ಚಿಕ್ಕವಳಿದ್ದಾಗ ಬೆಟ್ಟ ಹತ್ತಲು ಬಂದ ಬಿಳಿಯನೊಬ್ಬ ನಮ್ಮ ಮನೆಯ ಜಗುಲಿಯಲ್ಲಿ ಕೂತು ಅಮ್ಮ ಕೊಟ್ಟ ಹುಚ್ಚೆಳ್ಳು ಚಟ್ನಿ ತಿಂದಿದ್ದ. ಆಮೇಲೆ ಬಿಕ್ಕಳಿಸಿ ಬಿಕ್ಕಳಿಸಿ ಒಂದು ಬಿಂದಿಗೆ ನೀರು ಖಾಲಿ ಮಾಡಿದ್ದ. ಆ ಒಬ್ಬ ಮನುಷ್ಯನ ಬಿಕ್ಕಳಿಕೆಯ ಮೇಲೆ ನಾವು ಪ್ರಪಂಚಕ್ಕೆಲ್ಲ ಪಥ್ಯದ ಅಡುಗೆ ಗೊತ್ತುಮಾಡಿದ್ದೆವು. ಇಡ್ಲಿಯ ಪಕ್ಕ ಸಕ್ಕರೆ ಹಾಕಿದವಳು ನಾನೇ.

ತಟ್ಟೆ ಹಿಂದಕ್ಕೆ ತೆಗೆದುಕೊಳ್ಳಲು ಹೋದೆ. ಹುಡುಗಿ ನನ್ನ ಕೈ ದಾಟಿ ನೋಡುತ್ತಿದ್ದಳು. ಬಜ್ಜಿಗೆಂದು ಮೊರದಲ್ಲಿ ಹಸಿಮೆಣಸಿನಕಾಯಿ ಹರಡಿದ್ದೆ. ಅದರ ಪಕ್ಕದಲ್ಲೇ ಚಟ್ನಿಗೆಂದು ತೆಗೆದಿಟ್ಟ ಸಣ್ಣ ಕಾಯಿ, ಬೆರಳಷ್ಟೂ ಉದ್ದವಿಲ್ಲದ್ದು, ನಮ್ಮ ಗಂಡಸರೇ ಹೆದರುವಂಥದ್ದು. ಅವಳು ಕಣ್ಣಲ್ಲೇ ಕೇಳಿದಳು. ನನಗೆ ತಿಳಿಯಲಿಲ್ಲ. ಒಂದನ್ನು ಎತ್ತಿಕೊಂಡು ತೊಟ್ಟಿನ ತನಕ ಕಚ್ಚಿಬಿಟ್ಟಳು.

"ಯಾ ಅಲ್ಲಾ, ನೀರು ಕೊಡೇ," ಎಂದು ಆಪಾ ಎದ್ದರು. ಹುಡುಗಿ ಬೇಡವೆಂದು ಕೈಯೆತ್ತಿ, ಕಣ್ಣು ಮುಚ್ಚಿ ಅಗಿದಳು. ಕಣ್ಣಂಚಿನಲ್ಲಿ ನೀರು ಬಂತು. ಖಾರದ ನೀರಲ್ಲ ಅದು. ಖಾರದ ನೀರು ನನಗೆ ಗೊತ್ತು. ಇನ್ನೊಂದು ಕಾಯಿ ತೆಗೆದುಕೊಂಡಳು. ಸಕ್ಕರೆಯನ್ನು ತಟ್ಟೆಯ ಅಂಚಿಗೆ ತಳ್ಳಿ, ಕಾಯಿ ಕಚ್ಚುತ್ತ ಎರಡು ಇಡ್ಲಿಯನ್ನೂ ಮುಗಿಸಿದಳು. ಆಮೇಲೆ ಆಪಾನ ಮಗಳಿಗೆ ಸಣ್ಣ ದನಿಯಲ್ಲಿ ಏನೋ ಹೇಳಿದಳು.

"ಅಮ್ಮೀ," ಮಗಳು ಹಿಂದೆಮುಂದೆ ನೋಡುತ್ತ ಅಂದಳು, "ಅವರ ಊರಲ್ಲಿ ಹಲ್ಲು ಬರೋ ಮಕ್ಕಳೇ ಖಾರ ತಿಂತವಂತೆ. ನಮ್ಮ ಅಡುಗೆಮನೆಯಿಂದ ದಿನಾ ಮೆಣಸಿನಕಾಯಿ ವಾಸನೆ ಬರ್ತಿತ್ತಂತೆ. ಅದು ಮನೆಯವರಿಗೆ ಮಾತ್ರ, ಹೊರಗಿನವರಿಗೆ ಕೊಡಲ್ಲ ಅಂದ್ಕೊಂಡಿದ್ಲಂತೆ. ಕೇಳಿದ್ರೆ ತಪ್ಪಾಗುತ್ತೆ ಅಂತ ಸುಮ್ಮನಿದ್ಲಂತೆ."

ಆಪಾ ಬೆಂಚಿನ ಮೇಲೆ ಕೂತರು. ಬೇರೆ ಪಾತ್ರೆ, ತೊಳೆದ ಚಾಕು, ಹಾಲು ಅನ್ನ. ಅಷ್ಟು ಜೋಪಾನವೆಲ್ಲ ಆ ಹುಡುಗಿಯ ಕಡೆಯಿಂದ ನೋಡಿದರೆ ಬಾಗಿಲು ಹಾಕಿದಂತೆ ಕಂಡಿತ್ತು. "ಹುಚ್ಚಿ," ಅಂದರು ಆಪಾ. ಯಾರಿಗೆ ಅಂದರೋ ಗೊತ್ತಾಗಲಿಲ್ಲ.

ಅಂದಿನಿಂದ ಅವಳ ಪಾತ್ರೆ ಮನೆಯವರ ಪಾತ್ರೆಯೊಡನೆ ಸೇರಿತು. ಆದರೆ ಖಾರ ನಾಲಿಗೆಯನ್ನು ಎಬ್ಬಿಸಬಹುದು, ಹೊಟ್ಟೆ ತುಂಬಿಸದು. ಮುಂದಿನ ಸಂತೆಗೆ ಬಂದಾಗಲೂ ಚೂಡಿದಾರ ಗೂಟಕ್ಕೆ ಹಾಕಿದಂತೆಯೇ ಇತ್ತು. ಈ ಸಲ ನಾನೇ ಕೂರಿಸಿಕೊಂಡು ಕೇಳಿದೆ: ನಿಮ್ಮಮ್ಮ ಏನ್ ಮಾಡ್ಕೊಡ್ತಾರೆ? ವ್ಯಾಪಾರ ಮಾಡುವವರಿಗೆ ನನ್ನ ಎರಡನೆಯ ಬುದ್ಧಿಮಾತು ಇದು. ಗಿರಾಕಿಗೆ ಏನು ಬೇಕೆಂದು ಊರನ್ನೆಲ್ಲ ಕೇಳುವ ಬದಲು ಗಿರಾಕಿಯನ್ನೇ ಕೇಳಿ.

ಜೋಳದ ರೊಟ್ಟಿ ಅಂದಳು. ನಮ್ಮ ಬಿಳಿಜೋಳವಲ್ಲ, ಮುಸುಕಿನ ಜೋಳ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅದೇ. ಅದಿಲ್ಲದೆ ಅನ್ನ ಎಷ್ಟು ತಿಂದರೂ ಊಟ ಮಾಡಿದಂತೆ ಆಗುವುದಿಲ್ಲವಂತೆ. ಇದು ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮಪ್ಪ ಮದುವೆಮನೆಯಲ್ಲಿ ಪಾಯಸದ ತನಕ ಉಂಡು ಬಂದು, ಮನೆಗೆ ಕಾಲಿಡುತ್ತಲೇ "ಒಂದು ಮುದ್ದೆ ಇದ್ರೆ ಹಾಕು" ಅನ್ನುತ್ತಿದ್ದ.

ಜೋಳ ಶಿಡ್ಲಘಟ್ಟದಲ್ಲೂ ಸಿಗುತ್ತಿತ್ತು, ಆದರೆ ಹಳೆಯದು, ಹುಳು ಹಿಡಿದದ್ದು. ಒಳ್ಳೆಯದು ಬೇಕಾದರೆ ಬೆಳೆದವನ ಮನೆಗೇ ಹೋಗಬೇಕು. ಗೌರಿಬಿದನೂರಿನ ಬಸ್ಸು ಹಿಡಿದು, ಅಲ್ಲಿಂದ ನಗರಗೆರೆಗೆ ಹೋದೆ. ಪರಿಚಯದ ರೈತನೊಬ್ಬ ಜೋಳವನ್ನು ಕೋಳಿ ಫಾರಮ್ಮಿಗೆ ಹಾಕುತ್ತಿದ್ದ. ನಾನು ಚೀಲಕ್ಕೆ ಕೈ ಹಾಕಿ, ಕಾಳು ಕಚ್ಚಿ, ಸಪ್ಪೆ ಮುಖ ಮಾಡಿದೆ. ಚೆನ್ನಾಗಿದ್ದಾಗಲೇ ಸಪ್ಪೆ ಮುಖ ಮಾಡಬೇಕು, ಮರೆಯಬೇಡಿ.

"ಎಷ್ಟು ಕೋಳಿ ಸಾಕಿದ್ದೀಯಕ್ಕ?" ಅಂದ ಅವನು.

"ಒಂದೇ ಕಣಪ್ಪ. ಸೊರಗೋಗದೆ."

"ಒಂದು ಕೋಳಿಗೆ ಅಷ್ಟು ದೂರದಿಂದ ಬಂದ್ಯಾ? ಕುಯ್ಕೊಂಡ್ ತಿನ್ನು ಅತ್ಲಾಗಿ."

"ನಿನ್ನ ಜೋಳ ಹಿಂಗೇ ಇದ್ರೆ ಅದೇ ಗತಿ," ಎಂದು ಹೇಳಿ ಚೀಲ ಕೆಳಗಿಟ್ಟು ಹೊರಟೆ, ತಿರುಗಿ ನೋಡಲಿಲ್ಲ. ಬೇಲಿ ದಾಟುವಷ್ಟರಲ್ಲಿ ಕರೆದ. ನಾನು ಹೇಳಿದ ಬೆಲೆಗೇ ತಂದೆ.

ಮಿಲ್ಲಿನಲ್ಲಿ ಹಿಟ್ಟು ಮಾಡಿಸಿ, ಮುಂದಿನ ಸಂತೆಯ ದಿನ ಕಾವಲಿ ಇಟ್ಟೆ. ಬಿಸಿನೀರಿನಲ್ಲಿ ಕಲಸಿದೆ, ತಟ್ಟಿದೆ. ರೊಟ್ಟಿ ಅಂಚಿನಿಂದ ಬಿರುಕು ಬಿಡುತ್ತ ಬಂತು. ಕಾವಲಿಯಿಂದ ಎತ್ತಿದರೆ ಎರಡು ಹೋಳು, ಮಡಿಸಿದರೆ ನಾಲ್ಕು. ನನ್ನ ಅಂಗಡಿಯ ಪಕ್ಕ ಎಲೆಅಡಿಕೆ ಮಾರುವ ಅಜ್ಜಿಯೊಬ್ಬಳು ಕೂರುತ್ತಿದ್ದಳು. ಚಿಂತಾಮಣಿಯ ಆಚೆ, ಆಂಧ್ರದ ಗಡಿಯವಳು. ಮಾತೆಲ್ಲ ಅರ್ಧ ತೆಲುಗು. ಬಾಯಲ್ಲಿ ಒಂದೂ ಹಲ್ಲಿಲ್ಲ. ಅವಳಿಗೂ ಒಂದು ತುಂಡು ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಏಮ್ಮಾ, ಇದು ತಿನ್ನೋದಾ, ಮನೆ ಮೇಲೆ ಹೊದಿಸೋದಾ?"

ಹುಡುಗಿ ಮಾತ್ರ ಚೆನ್ನಾಗಿದೆ ಅನ್ನುವಂತೆ ತಲೆಯಾಡಿಸಿದಳು. ಆದರೆ ತಟ್ಟೆ ಅಲ್ಲೇ ಇತ್ತಲ್ಲ. ನಾನು ಅದರ ಕಡೆ ಬೆರಳು ತೋರಿಸಿ, "ನಿಜ ಹೇಳು," ಅಂದೆ. ಹುಡುಗಿ ತಲೆ ತಗ್ಗಿಸಿದಳು. ಆಪಾನ ಮಗಳ ಮೂಲಕ ಹೇಳಿದ್ದು ಇಷ್ಟು: ಒಣ ಹಿಟ್ಟಲ್ಲ. ಅವರಮ್ಮ ಕಾಳನ್ನು ಮೊದಲು ಬಿಳಿ ಕಲ್ಲಿನ ಪುಡಿ ಹಾಕಿ ಬೇಯಿಸುತ್ತಾಳೆ. ಆ ಪುಡಿ ಇಲ್ಲಿ ಅಡುಗೆಮನೆಯಲ್ಲಿ ಎಲ್ಲಿಯೂ ಕಾಣಲಿಲ್ಲ. ಇಷ್ಟು ದೂರದಿಂದ ಜೋಳ ತಂದ ಅಕ್ಕನಿಗೆ ಅದಿಲ್ಲ ಅಂತ ಹೇಗೆ ಹೇಳುವುದು?

ನಾನು ಏನು ಪುಡಿ, ಎಂಥ ಪುಡಿ ಎಂದು ಕೇಳುತ್ತಿರುವಾಗಲೇ ಅಜ್ಜಿಯ ಮುಂದೆ ಒಬ್ಬ ಗಿರಾಕಿ ಬಂದ. ಅಜ್ಜಿ ಎಲೆ ಒರೆಸಿ, ತಗಡಿನ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಸವರಿ, ಅಡಿಕೆ ಇಟ್ಟು ಮಡಿಸಿ ಕೊಟ್ಟಳು. ಅವನು ಬಾಯಿಗೆ ಹಾಕಿಕೊಂಡ. ಹುಡುಗಿ ಎದ್ದೇಬಿಟ್ಟಳು. ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೂಸಿ, ಒಂದು ಚೂರು ಬೆರಳಿಗೆ ಹಚ್ಚಿ ನಾಲಿಗೆಗೆ ತಾಗಿಸಿಕೊಂಡಳು. ಮುಖ ಕಿವಿಚಿತು, ಆಮೇಲೆ ಅರಳಿತು.

"ಅಕ್ಕಾ, ಇದು. ಇದು."

"ಸುಣ್ಣಾನಾ? ಅದನ್ನ ಜೋಳಕ್ಕೆ ಹಾಕಿ ಬೇಯ್ಸೋದಾ? ಅದು ಗೋಡೆಗೆ ಕಣಮ್ಮ."

ಅಜ್ಜಿಗೆ ಸಿಟ್ಟು ಬಂತು. "ಯಾಕೆ, ನಾನು ಗೋಡೇನಾ? ಮದುವೆ ಆದಾಗಿಂದ ತಿಂತಾವ್ನಿ, ಸತ್ತೋದ್ನಾ? ತಗೋ ಪಿಲ್ಲಾ, ಎಷ್ಟು ಬೇಕೋ ತಗೋ. ಅವಳ ಮಾತು ಕೇಳ್ಬೇಡ."

ಸುಣ್ಣ ಎಂದರೆ ಎಲ್ಲ ಸುಣ್ಣವೂ ಅಲ್ಲ, ಇದನ್ನು ಓದಿ ಮಾಡಲು ಹೊರಡುವವರು ಕೇಳಿಸಿಕೊಳ್ಳಿ. ಗೋಡೆಗೆ ಬಳಿಯುವುದನ್ನು ಮುಟ್ಟಬೇಡಿ, ಎಲೆಅಡಿಕೆಯದ್ದೇ ಬೇಕು. ಅದೂ ಕೈ ಹಿಡಿದು. ಬೇಯಿಸಿದ ಮೇಲೆ ನೀರು ತಿಳಿಯಾಗುವ ತನಕ ತೊಳೆಯಬೇಕು. ಎಷ್ಟು ಹಾಕಬೇಕೆಂದು ಹುಡುಗಿಗೂ ಲೆಕ್ಕ ಗೊತ್ತಿರಲಿಲ್ಲ. ಅವಳು ಬೆರಳಿಂದ ನೀರು ನೆಕ್ಕಿ ನೋಡಿದಳು, ತಲೆಯಾಡಿಸಿದಳು. ಅದೇ ಅಳತೆ.

ಮುಂದಿನ ಸಂತೆಯ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಬೇಯಿಸಿ ಇಟ್ಟೆವು. ಬೆಳಗ್ಗೆ ಮುಚ್ಚಳ ತೆಗೆದಾಗ ಬಂದ ವಾಸನೆ ನನಗೆ ಪರಿಚಯದ್ದೇ. ಹಬ್ಬಕ್ಕೆ ಸುಣ್ಣ ಬಳಿದ ಗೋಡೆಗೆ ನೀರು ಚಿಮುಕಿಸಿದರೆ ಬರುತ್ತದಲ್ಲ, ಅದು. ಕಾಳು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಹುಡುಗಿ ಎರಡೂ ಅಂಗೈಯಲ್ಲಿ ಉಜ್ಜಿದಳು, ಸಿಪ್ಪೆ ತಾನಾಗಿ ಜಾರಿ ನೀರಿನಲ್ಲಿ ತೇಲಿತು. ಒರಳಲ್ಲಿ ರುಬ್ಬಿದೆ. ಹಿಟ್ಟು ಮುಟ್ಟಿದ ಕೂಡಲೇ ಗೊತ್ತಾಯಿತು. ಅದು ಹಿಂದಿನ ವಾರದ ಹಿಟ್ಟಿನ ಹಾಗೆ ಉದುರುತ್ತಿರಲಿಲ್ಲ, ಅಂಗೈಯಲ್ಲಿ ಕೂರುತ್ತಿತ್ತು.

ಸಂತೆಗೆ ಹೊತ್ತು ತಂದೆವು. ಹಾಲಿನ ಪ್ಯಾಕೆಟ್ಟಿನ ಕವರು ಕತ್ತರಿಸಿ, ನಡುವೆ ಉಂಡೆ ಇಟ್ಟು, ಮೇಲೆ ಮಣೆ ಒತ್ತಿ, ಕವರು ಸುಲಿದು ಕಾವಲಿಗೆ ಹಾಕಿದಳು. ರೊಟ್ಟಿ ಅಂಗೈಯಗಲ. ಮಗುಚಿದಾಗ ಪೂರಿಯ ಹಾಗೆ ಉಬ್ಬಿತು. ಸುತ್ತ ನಿಂತಿದ್ದ ತರಕಾರಿಯವರು ತಕ್ಕಡಿ ಬಿಟ್ಟು ನೋಡುತ್ತಿದ್ದರು.

ಇನ್ನು ಒಳಗೆ ಇಡುವುದು. ಅಲಸಂದೆ ಬೇಯಿಸಿ, ಹಿಸುಕಿ, ಈರುಳ್ಳಿ ಹಾಕಿ ಎಣ್ಣೆಯಲ್ಲಿ ಬಾಡಿಸಿದಳು. ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಕೆಂಡದ ಮೇಲೆ ಸುಟ್ಟು, ಉಪ್ಪಿನೊಡನೆ ಕುಟ್ಟಿ, ಕೊತ್ತಂಬರಿ ಉದುರಿಸಿದಳು.

"ಇದು ನಮ್ಮ ಸುಟ್ಟ ಟೊಮೆಟೊ ಗೊಜ್ಜು ಕಣೇ," ಅಂದೆ. "ನಮ್ಮಜ್ಜಿ ಮಾಡೋರು."

ಹುಡುಗಿ ಕೇಳಿಸಿಕೊಂಡು ನಕ್ಕು ಏನೋ ಅಂದಳು. ಮಗಳು ಹೇಳಿದಳು: "ಟೊಮೆಟೊ, ಮೆಣಸಿನಕಾಯಿ, ಜೋಳ ಮೂರೂ ಅವರ ದೇಶದ್ದೇ ಅಂತೆ. ಅಲ್ಲಿಂದಾನೇ ಎಲ್ಲ ಕಡೆ ಹೋಗಿದ್ದಂತೆ."

"ಟೊಮೆಟೊನಾ? ಚಿಂತಾಮಣಿ ಮಂಡೀಲಿ ಹರಾಜಲ್ಲಿ ಕೂಗಿ ತಂದಿದೀನಿ. ಬುಟ್ಟಿ ತೋರ್ಸು ಅವಳಿಗೆ."

"ಹೌದಕ್ಕ, ಆದ್ರೆ ಬಹಳ ಹಿಂದೆ..."

"ಎಷ್ಟು ಹಿಂದೆ ಆದ್ರೂ ಸರಿ. ಅವರದ್ದೇ ಆಗಿದ್ರೆ ಬಾಡಿಗೆ ಕೊಡು ಅಂತ ಕೇಳ್ಲಿ, ಕೊಡ್ತೀನಿ. ಅಲಸಂದೆ ಮಾತ್ರ ನಮ್ದು ಅಂತ ಹೇಳು."

ಹುಡುಗಿ ಸ್ವಲ್ಪ ಯೋಚಿಸಿ, ಅಲಸಂದೆಯನ್ನು ನನಗೆ ಬಿಟ್ಟುಕೊಟ್ಟಳು.

ಮೊದಲ ರೊಟ್ಟಿ ನಾನೇ ತಿಂದೆ. ಅಂಗಡಿಯವಳ ನಿಯಮ ಅದು. ಹೊಸದೇನಿದ್ದರೂ ನನ್ನ ಹೊಟ್ಟೆಯೇ ಮೊದಲು. ನಡುವೆ ಪಲ್ಯ ಇಟ್ಟು, ಗೊಜ್ಜು ಸುರಿದು, ಮಡಿಸಿದೆ. ಬಿರುಕು ಬಿಡಲಿಲ್ಲ. ಕಚ್ಚಿದೆ. ಮೊದಲು ಜೋಳದ ಸಿಹಿ, ಹಿಂದೆಯೇ ಹೊಗೆಯ ವಾಸನೆ, ಆಮೇಲೆ ಖಾರ ಹಿಂಬಾಗಿಲಿನಿಂದ ಬಂತು. ರಸ ಮೊಣಕೈ ತನಕ ಇಳಿಯಿತು. ನಾನು ಇನ್ನೊಂದಕ್ಕೆ ಕೈಚಾಚಿದೆ. ಇದಕ್ಕೆ ಅವರ ಕಡೆ ಟಾಕೋ ಅನ್ನುತ್ತಾರಂತೆ. ನಮ್ಮ ಸಂತೆಯಲ್ಲಿ ಅಂದೇ ಅದು ಸುಣ್ಣದ ರೊಟ್ಟಿ ಆಯಿತು.

ಹುಡುಗಿ ತನಗೊಂದು ಮಡಿಸಿಕೊಂಡಳು. ಬಾಯ ತನಕ ತಂದವಳು ಕೈ ಹಿಂದಕ್ಕೆ ಎಳೆದಳು. ಬಾನಿಯ ಬಿಸಿನೀರಿಗೆ ಬೆಂದು ಸುಲಿದಿದ್ದ ಬೆರಳಿಗೆ ಮೆಣಸಿನ ರಸ ತಗುಲಿತ್ತು. ಊದಿಕೊಂಡಳು, ಇನ್ನೊಮ್ಮೆ ಹಿಡಿಯಲು ಹೋದಳು, ಆಗಲಿಲ್ಲ.

ಆಪಾ ಬೆಂಚಿನಿಂದ ಎದ್ದು ಬಂದರು. ಸೆರಗಿನಿಂದ ಕೈ ಒರೆಸಿಕೊಂಡು, ಅವಳ ಕೈಯಿಂದ ರೊಟ್ಟಿ ತೆಗೆದುಕೊಂಡು, ಗೊಜ್ಜು ಸೋರದ ಹಾಗೆ ಕೆಳಗೆ ಅಂಗೈ ಹಿಡಿದು ಅವಳ ಬಾಯ ಹತ್ತಿರ ತಂದರು.

"ಬಿಸ್ಮಿಲ್ಲಾ ಅನ್ನು. ಹೂಂ, ಬಾಯಿ ತೆಗಿ."

ಅವಳು ತಿಂದಳು. ಆಪಾ ಇನ್ನೊಂದು ಮಡಿಸಿದರು. "ಬೇರೆ ಪಾತ್ರೆ ಅಂತೆ, ಹೊರಗಿನವರಂತೆ," ಎಂದು ಗೊಣಗುತ್ತ ಗೊಣಗುತ್ತ ತಿನ್ನಿಸಿದರು. ಅವಳಿಗೆ ಆ ಮಾತು ತಿಳಿಯಿತೋ ಇಲ್ಲವೋ, ಕಣ್ಣು ಮಾತ್ರ ಆಪಾನ ಮುಖದ ಮೇಲೇ ಇತ್ತು. ನಾನು ಒಲೆಯ ಕಡೆ ತಿರುಗಿಕೊಂಡೆ. ಹೊಗೆ ಬಹಳವಿತ್ತು.

ತಟ್ಟೆಯಲ್ಲಿ ಆ ದಿನ ಏನೂ ಉಳಿಯಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಸಂತೆಗೂ ಜೋಳ ನೆನೆಯಿತು. ಉಳಿದ ಹಿಟ್ಟು ಆಪಾನ ಮನೆಗೆ ಹೋಗುತ್ತಿತ್ತು; ಅವರು ಅದಕ್ಕೆ ಕೈಮಾ ಇಟ್ಟು ಮಾಡಿದರು, ಅದೂ ಚೆನ್ನಾಗಿತ್ತು. ಚೂಡಿದಾರ ನಿಧಾನವಾಗಿ ಗೂಟ ಬಿಟ್ಟು ಮೈಗೆ ಹತ್ತಿತು. ಊರಿಗೆ ಕಳಿಸುವ ಮಾತನ್ನು ಆಪಾನ ಯಜಮಾನರು ಮತ್ತೆ ಎತ್ತಲಿಲ್ಲ. ಇದೆಲ್ಲ ತಾವು ಮುರುಗಮಲ್ಲದ ದರ್ಗಾಕ್ಕೆ ಹೇಳಿಕೊಂಡ ಹರಕೆಯಿಂದ ಆಯಿತೆಂದು ಆಪಾ, ನಗರಗೆರೆಯ ಜೋಳದಿಂದ ಎಂದು ನಾನು, ತನ್ನ ಸುಣ್ಣದಿಂದ ಎಂದು ಅಜ್ಜಿ. ಮೂವರೂ ಬಿಟ್ಟುಕೊಡಲಿಲ್ಲ.

ನಾನು ಅವಳಿಗೆ ಚೌಕಾಸಿ ಕಲಿಸಿದೆ. ನೂಲು ಬಿಚ್ಚುವುದು ಕಲಿತು ಊರಿಗೆ ಹೋದರೆ ಅದನ್ನು ಮಾರಬೇಕಲ್ಲ, ಮಾರಲು ಬಾರದಿದ್ದರೆ ಕಲಿತು ಏನು ಬಂತು? ಬುಟ್ಟಿ ಕೊಟ್ಟು ಮೆಣಸಿನಕಾಯಿಗೆ ಕಳಿಸುತ್ತಿದ್ದೆ. ಮೊದಲ ಸಲ ಕೇಳಿದಷ್ಟು ಕೊಟ್ಟು ಬಂದಳು. ಎರಡನೆಯ ಸಲ ಹೊರಟಂತೆ ಮಾಡಿದಳು, ಆದರೆ ಮೂರು ಹೆಜ್ಜೆಗೇ ತಿರುಗಿ ನೋಡಿದಳು.

"ತಿರುಗ್ಬೇಡ ಕಣೇ," ಅಂದೆ. "ನಿನ್ನ ಬೆನ್ನು ಅವನ ಜೊತೆ ಮಾತಾಡ್ಬೇಕು. ಮೊದ್ಲು ತಿರುಗಿದೋರು ಸೋತ್ರು."

ಕೊನೆಗೆ ಒಂದು ದಿನ ನಮ್ಮ ಸಾಲಿನ ಅತಿ ಜಿಗುಟು ಮನುಷ್ಯನ ಹತ್ತಿರ, "ಬೇಡ ಬಿಡಣ್ಣ, ಸಪ್ಪೆ" ಎಂದು ಹೇಳಿ ಎದ್ದು ನಡೆದಳು. ತಿರುಗಲಿಲ್ಲ. ಅವನು, "ಏಯ್ ಮೆಕ್ಸಿಕೊ, ಬಾರಮ್ಮ ಇಲ್ಲಿ," ಎಂದು ಕೂಗಿದ. ಅವಳು ಬುಟ್ಟಿ ತುಂಬಿಸಿಕೊಂಡು ಬಂದು ನನ್ನ ಮುಂದೆ ಇಟ್ಟಾಗ ಆದಷ್ಟು ಹಿಗ್ಗು ನನ್ನ ಮಕ್ಕಳು ಪಾಸಾದಾಗಲೂ ನನಗೆ ಆಗಿರಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಆಪಾ ಸಂತೆಯ ದಿನವಲ್ಲದ ದಿನ ನಮ್ಮ ಮನೆಗೆ ಬಂದರು, ಹಿಂದೆ ಹುಡುಗಿ. ಆಪಾ ಸೆರಗಿನ ಮರೆಯಿಂದ ಒಂದು ಸಣ್ಣ ನೂಲಿನ ಲಡಿ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಹಳದಿ ರೇಷ್ಮೆ. ಇಟ್ಟದ್ದೇ ಗೊತ್ತಾಗಲಿಲ್ಲ, ಅಷ್ಟು ಹಗುರ.

"ಪೂರಾ ಇವಳೊಬ್ಬಳದ್ದೇ. ತುದಿ ಹುಡುಕಿದ್ದು, ಸೇರ್ಸಿದ್ದು, ಸುತ್ತಿದ್ದು. ನಾನು ಕೈ ಕಟ್ಕೊಂಡ್ ನಿಂತಿದ್ದೆ. ಒಂದು ಕಡೇನೂ ಕಡೀಲಿಲ್ಲ."

ನಾನು ಬೆಳಕಿಗೆ ಹಿಡಿದು ನೋಡಿದೆ. ನೂಲಿನ ವಿಷಯ ನನಗೆ ಹೆಚ್ಚು ತಿಳಿಯದು. ಆದರೂ ಚೆನ್ನಾಗಿದ್ದಾಗ ಸಪ್ಪೆ ಮುಖ ಮಾಡಬೇಕಲ್ಲ, ಮಾಡಲು ನೋಡಿದೆ. ಹುಡುಗಿ ನನ್ನ ಮುಖ ನೋಡಿ ನಗಲು ಶುರುಮಾಡಿದಳು. "ಅಮ್ಮ ನೋಡ್ತಾಳೆ," ಅಂದಳು ಕನ್ನಡದಲ್ಲಿ, ಲಡಿಯ ಕಡೆ ತೋರಿಸಿ. ಮತ್ತೆ ಅದನ್ನೇ ಹೇಳಿದಳು. "ಅಮ್ಮ ನೋಡ್ತಾಳೆ, ಅಕ್ಕಾ."

ಅವಳು ಹೊರಡುವ ದಿನ ಸಂತೆಯ ದಿನವೇ ಆಯಿತು. ಒಲೆಯನ್ನು ಅಜ್ಜಿಗೆ ಒಪ್ಪಿಸಿ ಬಸ್‌ಸ್ಟ್ಯಾಂಡಿಗೆ ಹೋದೆ. ಸಂತೆಯ ದಿನ ಒಲೆ ಬಿಟ್ಟು ಹೋದದ್ದು ಅದೇ ಮೊದಲು. ದಾರಿಗೆ ರೊಟ್ಟಿ ಕಟ್ಟಿದ್ದೆ, ಅವಳಮ್ಮನಿಗೆಂದು ನಮ್ಮ ಕಡೆಯ ಖಾರದ ಪುಡಿ ಬಟ್ಟೆಯಲ್ಲಿ ಗಂಟು ಹಾಕಿದ್ದೆ. ಆಪಾ ಅವಳ ಹಣೆಗೆ ಮುತ್ತಿಟ್ಟು, ತೋಳಿಗೆ ದರ್ಗಾದ ದಾರ ಕಟ್ಟಿ, ಅತ್ತರು. ಮಗಳೂ ಅತ್ತಳು. ನಾನು ಸೀಟು ಹಿಡಿಯಲು ಒಳಗೆ ಹತ್ತಿ, ಕಿಟಕಿಯ ಪಕ್ಕ ಟವೆಲು ಹಾಕಿ, ಚಿಕ್ಕಬಳ್ಳಾಪುರದಲ್ಲಿ ಇಳಿದು ಬೆಂಗಳೂರಿನ ಬಸ್ಸು ಎಲ್ಲಿ ನಿಲ್ಲುತ್ತದೆ, ಚೀಲ ಯಾರ ಕೈಗೂ ಕೊಡಬಾರದು, ಲಡಿಯನ್ನು ಬಟ್ಟೆಯ ಮಧ್ಯೆ ಇಟ್ಟುಕೊಳ್ಳಬೇಕು, ಹೋದ ಕೂಡಲೇ ಮಾರಲು ಅವಸರ ಮಾಡಬಾರದು ಎಂದೆಲ್ಲ ಹೇಳಿದೆ. ಅವಳಿಗೆ ಎಷ್ಟು ಅರ್ಥವಾಯಿತೋ. ಎಲ್ಲದಕ್ಕೂ ಹೂಂ ಅಕ್ಕಾ, ಹೂಂ ಅಕ್ಕಾ ಅಂದಳು.

ಕಂಡಕ್ಟರ್ ಸೀಟಿ ಊದಿದ. ನಾನು ಇಳಿದು, ಸರಿ ಹೋಗಿ ಬಾ ಎಂದು ಹೇಳಿ, ಸಂತೆಯ ಕಡೆ ನಡೆದೆ. ಕಲಿಸಿದವಳು ನಾನು. ಬೆನ್ನು ನೆಟ್ಟಗಿಟ್ಟುಕೊಂಡು ನಡೆದೆ. ಹೂವಿನವಳ ಅಂಗಡಿ ದಾಟಿದೆ, ಸೈಕಲ್ ಶಾಪು ದಾಟಿದೆ. ಬಸ್ಸು ಗೇರು ಬದಲಿಸುವ ಸದ್ದು ಕೇಳಿತು.

ತಿರುಗಿಬಿಟ್ಟೆ.

ಅವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನನ್ನನ್ನೇ ನೋಡುತ್ತಿದ್ದಳು. ಯಾವಾಗಿನಿಂದ ಹಾಗೆ ಇದ್ದಳೋ. ಕಂಡಕ್ಟರ್ ಒಳಗೆ ಎಳೆಯುತ್ತಿದ್ದ. ಅವಳು ಬೆರಳನ್ನು ನನ್ನ ಕಡೆ ತೋರಿಸಿ, ಆಮೇಲೆ ತನ್ನ ಎದೆಗೆ ತೋರಿಸಿಕೊಂಡು ನಗುತ್ತಿದ್ದಳು. ಯಾರು ಮೊದಲು ತಿರುಗಿದ್ದು ಎಂಬ ತಕರಾರು ಅಲ್ಲೇ ಉಳಿಯಿತು.

ಮುಂದಿನ ಸಂತೆಯ ಹಿಂದಿನ ಸಂಜೆ ನನಗೇ ಗೊತ್ತಿಲ್ಲದೆ ಜೋಳ ಒಲೆಯ ಮೇಲಿತ್ತು. ಬೆಳಗ್ಗೆ ರುಬ್ಬಿ, ಹೊತ್ತುಕೊಂಡು ಹೋದೆ. ಕವರಿನ ನಡುವೆ ಉಂಡೆ ಇಟ್ಟು ಒತ್ತುವುದನ್ನು ಅಜ್ಜಿ ನೋಡುತ್ತ ಕೂತಿದ್ದಳು.

"ಆ ಪಿಲ್ಲ ಹೋದ್ಲಲ್ಲಮ್ಮಾ. ಇದು ಯಾರಿಗೆ?"

"ನಿನಗೇ ಕಣಜ್ಜಿ. ಹಲ್ಲಿಲ್ಲ ಅಂತೀಯಲ್ಲ, ಇದಕ್ಕೆ ಹಲ್ಲು ಬೇಡ."

ಮಡಿಸಿ ಕೊಟ್ಟೆ. ಒಸಡಿನಲ್ಲೇ ಮೆಲ್ಲಗೆ ನುರಿಸಿ ತಿಂದಳು. ಬಹಳ ಹೊತ್ತು ತಿಂದಳು. ತಟ್ಟೆಯಲ್ಲಿ ಉಳಿದ ಗೊಜ್ಜನ್ನು ಬೆರಳಿಂದ ಬಳಿದಳು. ಆಮೇಲೆ ತಟ್ಟೆಯನ್ನು ನನ್ನ ಕಡೆ ತಳ್ಳಿ, ಸುಣ್ಣದ ಡಬ್ಬಿಯನ್ನು ತನ್ನ ಹತ್ತಿರ ಎಳೆದುಕೊಂಡಳು.

"ಅವಳಿದ್ದಾಗ ಸುಣ್ಣ ಬಿಟ್ಟಿ ಕೊಟ್ಟೆ," ಅಂದಳು. "ನಿನಗೆ ಬಿಟ್ಟಿ ಇಲ್ಲ. ಸಂತೆಗೊಂದು ರೊಟ್ಟಿ."

ನಾನು ಚೌಕಾಸಿ ಮಾಡಲಿಲ್ಲ. ಇನ್ನೊಂದು ಉಂಡೆ ಕವರಿನ ನಡುವೆ ಇಟ್ಟೆ.